ಮನೆಗೆ ಎರಡು ಚಾನೆಲ್

ಮನೆಯ ಫೋನ್ ಮತ್ತೆ ಎಂಗೇಜ್. ಯಜಮಾನ ರಿಸೀವರ್ ಕುಕ್ಕಿ, ಗಾಜಿನ ಬಾಗಿಲಾಚೆ ಕೂತಿದ್ದ ತಂಗಿಯನ್ನು ಕೂಗಿದ. ಅವನ ಈ ಪುಟ್ಟ ಇಂಟರ್ನೆಟ್ ಕಂಪನಿಯಲ್ಲಿ ಮೋಡೆಮ್‌ಗಳ ಉಸ್ತುವಾರಿ ಅವಳದು.

“ನಿನ್ನ ಅತ್ತಿಗೆ ಬೆಳಗ್ಗೆಯಿಂದ ನೆಟ್ಟಲ್ಲೇ ಇದ್ದಾಳಾ ನೋಡು.”

“ಇದ್ದಾರೆ ಅಣ್ಣ.”

“ಯಾರ ಜೊತೆ ಚಾಟ್ ಮಾಡ್ತಿದ್ದಾಳೆ?”

ತಂಗಿ ಪರದೆ ನೋಡಿದಳು. “ಯಾರ ಜೊತೆಗೂ ಇಲ್ಲ. ಏನೂ ಹೋಗ್ತಿಲ್ಲ, ಏನೂ ಬರ್ತಿಲ್ಲ. ಸುಮ್ನೆ ಕನೆಕ್ಟ್ ಆಗಿದೆ.”

ಸುಮ್ನೆ! ಸುಮ್ಮನೆ ಯಾರಾದರೂ ಏನಾದರೂ ಮಾಡುತ್ತಾರೆಯೇ? ಯಾವ ಗಿರಾಕಿಗೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕೆಂದು ಅಳೆದೇ ಬದುಕುವ ಆಸಾಮಿ ಅವನು. ಮಾಮೂಲಿ ಮೋಡೆಮ್‌ನವರು ಒಂದು ಪುಟ ತೆರೆದು ಓದುತ್ತ ಕೂರುತ್ತಾರೆ, ಒಬ್ಬರ ಪಾಲಿನಲ್ಲಿ ಹತ್ತು ಜನರನ್ನು ಸುಧಾರಿಸಬಹುದು. ಐಎಸ್‌ಡಿಎನ್ ಎಂಬ ವೇಗದ ಲೈನ್ ಹಾಕಿಸಿಕೊಂಡವರು ಒಬ್ಬೊಬ್ಬರೇ ಇಬ್ಬರಷ್ಟು ಎಳೆಯುತ್ತಾರೆ. ಇದೆಲ್ಲ ಅವನಿಗೆ ಬಾಯಿಪಾಠ. ಹೆಂಡತಿಯ ಲೆಕ್ಕ ಮಾತ್ರ ಹತ್ತುತ್ತಿರಲಿಲ್ಲ. ಗಂಟೆಗೊಮ್ಮೆ ಫೋನ್ ಮಾಡಿ, ಎಲ್ಲಿದ್ದೆ, ಯಾಕೆ ತಡವಾಗಿ ಎತ್ತಿದೆ, ಹಿಂದೆ ಅದು ಯಾರ ದನಿ ಎಂದು ಕೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಈಗೊಂದು ವಾರದಿಂದ ಕೇಳುವುದಕ್ಕೇ ದಾರಿಯಿಲ್ಲ. ಮನೆಗಿರುವುದು ಒಂದೇ ಫೋನ್ ಲೈನು. ಅದರಲ್ಲಿ ನೆಟ್ ಹತ್ತಿದರೆ ಕರೆ ಹೋಗದು.

ಸಂಜೆ ಕೇಳಿದರೆ, “ನೆಟ್ ಕಲೀತಿದ್ದೀನಿ ಕಣ್ರೀ,” ಎಂದಳು. ಅವಳ ಮುಖದಲ್ಲಿ ಎಂದೂ ಇಲ್ಲದ ನೆಮ್ಮದಿಯಿತ್ತು. ಏನೋ ಇದೆ, ಇದ್ದೇ ಇದೆ.

ಉಪಾಯ ಹೊಳೆಯಲು ತಡವಾಗಲಿಲ್ಲ. ಮನೆಗೂ ಐಎಸ್‌ಡಿಎನ್ ಹಾಕಿಸಿದ. ಒಂದೇ ತಂತಿ, ಎರಡು ಚಾನೆಲ್. ಒಂದರಲ್ಲಿ ನೆಟ್ ಓಡಲಿ, ಇನ್ನೊಂದರಲ್ಲಿ ಫೋನ್ ರಿಂಗಾಗಲಿ. “ಕಲಿಯೋಳು ಚೆನ್ನಾಗೇ ಕಲೀಲಿ ಬಿಡು,” ಎಂದು ತಂಗಿಯೆದುರು ಹಲ್ಲು ಕಿರಿದ. ಅವಳು ಹೊಸ ಲೈನಿನ ಪೆಟ್ಟಿಗೆ ಒಯ್ದು ಮನೆಯಲ್ಲಿ ಜೋಡಿಸಿ ಬಂದಳು.

ಮರುದಿನ ಅವನು ಕುರ್ಚಿಗೆ ಒರಗಿ, ಆರಾಮಾಗಿ ಮನೆಯ ನಂಬರ್ ಒತ್ತಿದ. ಎಂಗೇಜ್. ಮತ್ತೆ ಒತ್ತಿದ. ಎಂಗೇಜ್.

“ಏನೇ ಜೋಡಿಸಿದ್ದು ನೀನು?”

“ಎರಡು ಚಾನೆಲ್ಲೂ ನೆಟ್ಟಿಗೇ ಕೊಟ್ಟಿದ್ದೀನಿ,” ಎಂದಳು ತಂಗಿ, ಬಾಗಿಲಲ್ಲಿ ನಿಂತು.

“ಅಷ್ಟೊಂದು ಯಾಕೆ ಅವಳಿಗೆ? ಏನು ಎಳೀತಿದ್ದಾಳೆ?”

“ಏನೂ ಇಲ್ಲ. ಇಷ್ಟು ದಿನದ ಥರಾನೇ.”

“ಮತ್ತೆ? ನೀನೂ ಸೇರ್ಕೊಂಡ್ಯಾ ಅವಳ ಜೊತೆ?”

“ಹೂಂ, ಸೇರ್ಕೊಂಡೆ. ಫೋನ್ ರಿಂಗಾಗದ ಹಾಗೆ ಮಾಡಿಕೊಡು ಅಂದ್ರು. ಅದು ಹೊಡ್ಕೊಂಡ್ರೆ ಒಲೆ ಮೇಲಿನ ಹಾಲನ್ನೂ ಬಿಟ್ಟು ಓಡ್ಬೇಕಂತೆ ಅತ್ತಿಗೆ, ತಡವಾದ್ರೆ ವಿಚಾರಣೆಯಂತೆ.”

ತಂಗಿ ಒಳಗೆ ಹೋದಳು. ಅವನು ರಿಸೀವರನ್ನು ಮೆಲ್ಲಗೆ ಇಟ್ಟ. ಆಮೇಲೆ ಮತ್ತೆ ರಿಸೀವರ್ ಎತ್ತಿಕೊಂಡು ಮನೆಯ ನಂಬರ್ ಒತ್ತತೊಡಗಿದ.