ಉಳಿಕೆ ಸೊನ್ನೆ

"ಬಗ್ರೇ ಮುಂಡೇವಾ, ಬಗ್ಗಿ. ಆ ಸಾಹೇಬ ಟೀ ಕುಡಿದು ಬರೋದ್ರೊಳಗೆ ಹುಲ್ಲಲ್ಲಿ ಒಂದು ಕಾಯಿ ಕಂಡ್ರೂ ಚರ್ಮ ಸುಲೀತೀನಿ."

ತೋಟದ ಧಣಿ ಇಷ್ಟನ್ನೂ ಪಿಸುಮಾತಿನಲ್ಲೇ ಬೈದ. ಜೋರಾಗಿ ಬೈದೇ ಅಭ್ಯಾಸವಾದವನಿಗೆ ಪಿಸುಗುಟ್ಟುವುದು ಬಲು ಕಷ್ಟ. ಕತ್ತಿನ ನರ ಉಬ್ಬಿಕೊಂಡಿತ್ತು. ನಮಗೆ ನಗು ತಡೆಯಲಾಗಲಿಲ್ಲ.

ಹೊಸ ಯಂತ್ರ ಅಕ್ರೋಟಿನ ಮರದ ಬೊಡ್ಡೆ ಹಿಡಿದು ಅಲುಗಾಡಿಸಿದರೆ, ನಾವು ಹಾಸಿದ ಟಾರ್ಪಾಲಿನ ಮೇಲೆ ಕಾಯಿ ಉದುರುತ್ತವೆ. ಎಲ್ಲವೂ ಅಲ್ಲ. ತುದಿಕೊಂಬೆಯವು ಜಪ್ಪಯ್ಯ ಅಂದರೂ ಬೀಳುವುದಿಲ್ಲ, ಕೆಲವು ಹುಲ್ಲಿಗೆ ಹಾರುತ್ತವೆ. ಉದುರಿದ್ದೆಷ್ಟು, ಉಳಿದದ್ದೆಷ್ಟು ಎಂದು ಮರಮರಕ್ಕೂ ತೂಗಿ ಬರೆಯಲು ಅಳತೆಯ ಸಾಹೇಬ ಬಂದಿದ್ದ. ಉಳಿಕೆ ಏನೂ ಇಲ್ಲವೆಂದು ಅವನ ಹಾಳೆಯಲ್ಲಿ ಬಂದರೆ ಧಣಿಗೆ ಯಂತ್ರದ ಸಬ್ಸಿಡಿ ಸಿಗುತ್ತದೆ, ಮುಂದಿನ ಕೊಯ್ಲಿಗೆ ನಾವು ಹನ್ನೊಂದು ಹೆಂಗಸರೂ ಬೇಡ. ಬೆಳಿಗ್ಗೆ ಧಣಿಯೇ ಹೇಳಿದ್ದ. ಹೇಳಿ, ಉಳಿದದ್ದನ್ನು ಗಳದಿಂದ ಬಡಿದು, ಹುಲ್ಲಲ್ಲಿ ಹುಡುಕಿ, ಯಂತ್ರದ ರಾಶಿಗೆ ಸೇರಿಸುವ ಕೆಲಸವನ್ನೂ ನಮಗೇ ಒಪ್ಪಿಸಿದ್ದ. ನಮ್ಮ ಗುಂಡಿ ನಾವೇ ತೋಡಬೇಕು, ಅದೂ ಅಚ್ಚುಕಟ್ಟಾಗಿ.

ಎರಡು ಮರ ಹಾಗೇ ಆಯಿತು. ಸಾಹೇಬ 'ಉಳಿಕೆ ಸೊನ್ನೆ' ಎಂದು ಬರೆದು, "ಭಲೇ ಯಂತ್ರ" ಅಂದ.

"ಹೌದು ಸ್ವಾಮಿ," ಅಂದಳು ನಮ್ಮ ಅತ್ತಿಗೆ. "ಹುಲ್ಲೊಳಗೂ ಕೈ ಹಾಕಿ ಹುಡುಕ್ತದೆ. ಸೊಂಟ ಮಾತ್ರ ಸ್ವಲ್ಪ ನೋಯ್ತದಂತೆ."

ಸಾಹೇಬ ನಕ್ಕ. ಆಮೇಲೆ ನಮ್ಮ ಕೈ ನೋಡಿದ. ಕಾಯಿಯ ಹಸಿ ಸಿಪ್ಪೆಯ ಕಪ್ಪು ಕಲೆ ಮೊಣಕೈವರೆಗೂ ಹತ್ತಿತ್ತು.

"ಇವರ ಕೈಗೇನಾಯ್ತು?"

"ಎಲೆ ಗುಡಿಸೋಕೆ ಕರೆಸಿದ್ದು ಸಾರ್. ಕೊಳಕು ಜನ, ಕೈಕಾಲು ತೊಳ್ಕೊಳ್ಳಲ್ಲ," ಅಂದ ಧಣಿ.

ಇಪ್ಪತ್ತು ವರ್ಷ ಅವನ ತೋಟದ ಕಾಯಿ ಸುಲಿದ ಕೈ. ಸಾಹೇಬ ತಲೆಯಾಡಿಸಿ, ಮೂರನೆಯ ಮರ ಅಲುಗಾಡಿಸಿದ್ದನ್ನು ನೋಡಿ ಮತ್ತೆ ಟೀಗೆ ಹೋದ.

ಮೂರನೆಯ ಮರದ ಉಳಿಕೆಯನ್ನು ಉಡಿಯಲ್ಲಿ ತುಂಬಿಕೊಂಡ ಅತ್ತಿಗೆ ರಾಶಿಗೆ ಸುರಿಯಲಿಲ್ಲ. "ನೀವೂ ಇಟ್ಕೊಳ್ರೇ" ಅಂದಳು.

"ಈ ಸಲದ ಕೂಲಿನೂ ಕೊಡಲ್ಲ ಅತ್ತಿಗೆ ಅವನು," ಅಂದೆ.

"ಹೋದ್ರೆ ಈ ಸಲದ್ದು ಹೋಯ್ತು. ಮುಂದಿನ ಸಲದ್ದನ್ನ ನಾನೇ ಆರಿಸಿ ಅವನ ರಾಶಿಗೆ ಹಾಕ್ಲಾ?"

ಸಾಹೇಬ ಬಂದು ರಾಶಿ ತೂಗಿಸಿದ. "ಉಳಿಕೆ?" ಎಂದು ಕೇಳಿದ.

"ಸೊನ್ನೆ, ಬರ್ಕೊಳ್ಳಿ," ಅಂದ ಧಣಿ.

ಅತ್ತಿಗೆ ಉಡಿ ಹಿಡಿದುಕೊಂಡೇ ಹೋಗಿ, ನೆಲದ ಮೇಲಿದ್ದ ತೂಕದ ಯಂತ್ರದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಇಳಿಯೇ ಕೆಳಗೆ, ಹಲ್ಕಾ ಮುಂಡೆ." ಈ ಸಲ ತೋಟಕ್ಕೆಲ್ಲ ಕೇಳಿಸಿತು.

"ಇಳೀತೀನಿ ಧಣಿ, ತೂಕ ಆಗ್ಲಿ. ಸ್ವಾಮಿ, ನಾನು ಅರವತ್ತೆರಡು ಕೆಜಿ. ಅದನ್ನ ಕಳೀರಿ. ಮಿಕ್ಕಿದ್ದು ಈ ಮರದ ಉಳಿಕೆ. ನನ್ನ ಹಿಂದೆ ಇನ್ನೂ ಹತ್ತು ಜನ ಇದಾರೆ."

ನಾನೂ ಕಾಯಿ ತುಂಬಿದ ಉಡಿ ಹಿಡಿದುಕೊಂಡೆ. ಹೋಗಿ ಅವಳ ಹಿಂದೆ ನಿಂತೆ. ಒಬ್ಬೊಬ್ಬರಾಗಿ ಉಳಿದ ಒಂಬತ್ತು ಮಂದಿಯೂ ಬಂದರು. ಸಾಹೇಬ ಪೆನ್ನು ಹಿಡಿದು ಧಣಿಯ ಮುಖ ನೋಡಿದ.

ಧಣಿ ಸಿಟ್ಟು ನೆತ್ತಿಗೇರಿ, ನಾಲ್ಕನೆಯ ಮರ ಅಲುಗಾಡಿಸುವಂತೆ ಡ್ರೈವರನಿಗೆ ಕೂಗಿದ. ಯಂತ್ರ ಗುಡುಗಿತು. ಟಾರ್ಪಾಲು ಹಾಸಲು ಯಾರೂ ಹೋಗಿರಲಿಲ್ಲ. ಮರದ ಕಾಯಿಯೆಲ್ಲ ದಬದಬನೆ ಹುಲ್ಲಿಗೆ ಉದುರಿತು. ತೂಕದ ಸಾಲು ಬಿಟ್ಟು ನಮ್ಮಲ್ಲೊಬ್ಬರೂ ಬಗ್ಗಲಿಲ್ಲ.