ಕೆನ್ನೆಯ ಬಿಳುಪು

ಭಾತಂಬ್ರಾದ ಆ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ಅದು ದೇವರದು. ಹದಿಮೂರರ ಸಾನಿಕಾ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಳು. ಕೆಂಪು ಕಾಗದ ಸುತ್ತಿದ ಟಾರ್ಚಿನ ಮಂದ ಬೆಳಕಿನಲ್ಲಿ, ಫೋಟೋ ತೊಳೆಯುವ ಔಷಧಿನೀರಿನ ತಟ್ಟೆಯೊಳಗೆ ಒಂದು ಹಾಳೆ ತೇಲುತ್ತಿತ್ತು.

ಶಾಲೆಯಲ್ಲಿ ಕೇತಕಿ ಟೀಚರ್ ಹಾಲಿನ ಪುಡಿಯ ಡಬ್ಬಿಗೆ ಸೂಜಿಯ ತೂತು ಹಾಕಿಸಿ ಮಕ್ಕಳಿಂದಲೇ ಕ್ಯಾಮೆರಾ ಮಾಡಿಸಿದ್ದರು. ನೀವು ಯಾರೆಂದು ಬೆಳಕೇ ಬರೆಯಲಿ ಎಂದಿದ್ದರು. ಒಬ್ಬರಿಗೆ ಒಂದೇ ಹಾಳೆ. ನಾಳೆ ಬೀದರದಲ್ಲಿ ಪ್ರದರ್ಶನ.

ಸಾನಿಕಾಳ ಎಡಗೆನ್ನೆಯ ಮೇಲೆ ಅಂಗೈಯಗಲ ಬಿಳಿ ಕಲೆ. ಭಾಲ್ಕಿಯ ಸ್ಟುಡಿಯೋದ ಅಯ್ಯುಬ ಅವಳ ಪ್ರತಿ ಫೋಟೋದಲ್ಲೂ ಕಂಪ್ಯೂಟರಿನಲ್ಲಿ ಅದಕ್ಕೆ ಬಣ್ಣ ತುಂಬಿಬಿಡುತ್ತಿದ್ದ. ಹಾಗೆ ಮಾಡೆಂದು ಹೇಳಿದವಳು ಅಜ್ಜಿ ಗುರಮ್ಮ. ಗೋಡೆಯ ಮೇಲಿನ ಫೋಟೋಗಳಲ್ಲಿ ನಗುವವಳು ತಾನಲ್ಲ, ಬೇರೆ ಯಾವಳೋ ಎಂದು ಸಾನಿಕಾಗೆ ಅನ್ನಿಸುತ್ತಿತ್ತು. ಡಬ್ಬಿಯ ಮುಂದೆ ಕೂತು ತನ್ನ ಮುಖವನ್ನೇ ಹಿಡಿದಿದ್ದ ಈ ಹಾಳೆಯನ್ನು ಮಾತ್ರ ಇನ್ನೂ ಯಾರೂ ತಿದ್ದಿರಲಿಲ್ಲ.

ಅಜ್ಜಿ ಹೊರಗಿನಿಂದ ಬಾಗಿಲು ಬಡಿದಳು. ಹೊತ್ತು ಮುಳುಗಿದ್ದನ್ನು ಸಾನಿಕಾ ಮರೆತೇಬಿಟ್ಟಿದ್ದಳು.

"ಚಿಲಕಾ ತೆಗಿ. ದೀಪಾ ಹಚ್ಚೋ ಹೊತ್ತಾತು."

ಬೆಳಕು ಬಿದ್ದರೆ ಹಾಳೆ ಪೂರ್ತಿ ಕಪ್ಪಾಗುತ್ತದೆಂದು ಸಾನಿಕಾ ಒಳಗಿನಿಂದಲೇ ಬೇಡಿಕೊಂಡಳು. ಗಂಡ ಸತ್ತ ದಿನವೂ ತಪ್ಪದ ದೀಪವಿದು ಎಂದಳು ಗುರಮ್ಮ. ಬಾಗಿಲ ಸಂದಿಯಲ್ಲಿ ಎಣ್ಣೆದೀಪದ ಹಳದಿ ಗೆರೆ ಮೂಡಿತು. ಸಾನಿಕಾ ಅದಕ್ಕೆ ಬೆನ್ನೊಡ್ಡಿ ತಟ್ಟೆಯ ಮೇಲೆ ಬಾಗಿದಳು. ಹಾಳೆಯಲ್ಲಿ ಒಂದು ಕಣ್ಣು ಕಂಡಿತು, ಆಮೇಲೆ ಮೂಗು. ಹಾಳೆಯನ್ನೆತ್ತಿ ಎರಡನೆಯ ತಟ್ಟೆಗೆ ಹಾಕಿದಳು. ಅದರಲ್ಲಿ ಸ್ವಲ್ಪ ಹೊತ್ತು ನೆನೆದರೆ ಬೆಳಕಿಗೆ ಹೆದರಬೇಕಿಲ್ಲ. ಅಷ್ಟರಲ್ಲಿ ಚಿಲಕ ಅಲುಗಿತು.

"ಆಯಿ, ನಿನ್ನ ಕಾಲ ಬೀಳ್ತೇನಿ. ದೀಪಕ್ಕ ಸೆರಗ ಅಡ್ಡ ಹಿಡಿ."

ಹಳದಿ ಗೆರೆ ಮೆಲ್ಲಗೆ ಮಾಸಿತು.

ಕೊನೆಗೆ ಬಾಗಿಲು ತೆರೆದಾಗ ಗುರಮ್ಮ ಮೊಮ್ಮಗಳ ಮುಖ ನೋಡದೆ ದೇವರ ಮುಂದೆ ದೀಪ ಇಟ್ಟು, ಕೈಮುಗಿದು, ಆಮೇಲೆ ಹಾಳೆಯತ್ತ ತಿರುಗಿದಳು. ಅದರಲ್ಲಿ ಎಲ್ಲ ಉಲ್ಟಾ: ಮುಖ ಬೆಳ್ಳಗೆ, ಕಲೆ ಕಪ್ಪಗೆ.

"ಕಲಿ ಕರ್ರಗಾಗೇದಲ್ಲ. ಹಿಂಗೇ ಇರ್ಲಿ ಬಿಡು."

"ಇಲ್ಲಾಯಿ. ನಾಳಿ ಬೀದರದಾಗ ಟೀಚರ್ ಇದನ್ನ ಉಲ್ಟಾ ಮಾಡಿ ಛಾಪ ತೆಗೀತಾರ. ಕಲಿ ಬೆಳ್ಳಗೇ ಬರ್ತದ."

"ಮಂದಿ ನೋಡ್ತಾರ."

"ನೋಡ್ಲಿ ಅಂತನೇ ಡಬ್ಬಿ ಮುಂದ ಕುಂತಿದ್ದೆ."

ಸಾನಿಕಾ ಒದ್ದೆ ಹಾಳೆಯನ್ನು ಬೆನ್ನ ಹಿಂದೆ ಹಿಡಿದು ನಿಂತಳು. ಅಜ್ಜಿಯ ಕೈ ಮುಂದೆ ಬಂತು. ಹಾಳೆಗೆ ಚಾಚಲಿಲ್ಲ, ದೀಪದ ಬತ್ತಿಯ ಕರಿ ಚಿವುಟಿ ಹಿಂದೆ ಸರಿಯಿತು.

"ಬೀದರಕ್ಕ ಯಾವ ಬಸ್ಸಿಗಿ ಹೋಗ್ತಿ?"

"ಮುಂಜಾನಿ ಬಸ್ಸಿಗಿ. ಯಾಕ?"

"ನಾನೂ ಬರ್ತೇನಿ. ಮಂದಿ ಏನಂತಾರ, ನಿನ್ನ ಬಾಜೂಕ ನಿಂತು ಕೇಳ್ತೇನಿ."