ನಡುವಿನ ಕುರ್ಚಿ

ಆ ವೃದ್ಧಾಶ್ರಮ ನಡೆಸುತ್ತಿದ್ದ ಧರ್ಮಸಂಸ್ಥೆಗೆ ಎಲ್ಲರೂ ಒಂದೇ. ನಂಬಿಕೆ ಬರದಿದ್ದರೆ ಹಜಾರದ ಗೋಡೆ ನೋಡಬಹುದಿತ್ತು. ವರ್ಷಕ್ಕೊಂದರಂತೆ ಸಿಬ್ಬಂದಿಯ ಫೋಟೋ ತೂಗುಹಾಕಿದ್ದರು. ಪ್ರತಿಯೊಂದರಲ್ಲೂ ನಡುವಿನ ಕುರ್ಚಿಯಲ್ಲಿ ಕೂತವಳು ನರ್ಸಕ್ಕ. ಅಷ್ಟೂ ಜನರಲ್ಲಿ ಬೇರೆ ದೇವರನ್ನು ನಂಬುವವಳು ಅವಳೊಬ್ಬಳೇ. ಸಮಿತಿಯ ಅಧ್ಯಕ್ಷರು ತಾವು ಮೂಲೆಯಲ್ಲಿ ನಿಂತು, "ನೀನು ಮಧ್ಯ ಕೂತ್ಕೋ ತಾಯಿ, ನಮ್ಮ ಒಗ್ಗಟ್ಟು ಎದ್ದು ಕಾಣ್ಬೇಕು" ಎನ್ನುವರು. ಫೋಟೋ ಮುಗಿದೊಡನೆ ಕುರ್ಚಿ ಒಳಗೆ ಹೋಗುತ್ತಿತ್ತು, ನರ್ಸಕ್ಕ ಬೆಡ್‌ಪ್ಯಾನ್ ತೊಳೆಯಲು ಹೋಗುತ್ತಿದ್ದಳು.

ಹಳೆಯ ಮೇಲ್ವಿಚಾರಕಿ ನಿವೃತ್ತಳಾದಾಗ ಆ ಹುದ್ದೆ ತನಗೇ ಎಂದು ನರ್ಸಕ್ಕ ನಂಬಿದ್ದಳು. ನಂಬದೆ ಇನ್ನೇನು? ಯಾವ ಅಜ್ಜಿಗೆ ಯಾವ ಮಾತ್ರೆ, ಯಾವ ತಾತ ಕಣ್ಣು ತಪ್ಪಿಸಿ ಗೇಟಿನ ಕಡೆ ಹೋಗುತ್ತಾನೆ, ಎಲ್ಲ ಅವಳಿಗೆ ಬಾಯಿಪಾಠ. ಅಧ್ಯಕ್ಷರು ಅವಳನ್ನು ಕೂರಿಸಿಕೊಂಡು, ಕೆಲಸದಲ್ಲಿ ನಿನ್ನನ್ನು ಮೀರಿಸುವವರಿಲ್ಲ, ಆದರೆ ಬೆಳಗಿನ ಪ್ರಾರ್ಥನೆ ಹೇಳಿಸುವುದು ಮೇಲ್ವಿಚಾರಕಿ, ಆ ಹುದ್ದೆ ನಮ್ಮವರಿಗೇ ಇರಲಿ, ಇಲ್ಲದಿದ್ದರೆ ಒಗ್ಗಟ್ಟು ಕೆಡುತ್ತದೆ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹುದ್ದೆ ಅಧ್ಯಕ್ಷರ ತಮ್ಮನ ಮಗಳಿಗೆ ಹೋಯಿತು, ಅವಳಿಗೆ ಕೆಲಸ ಕಲಿಸುವ ಪುಣ್ಯ ನರ್ಸಕ್ಕನ ಪಾಲಿಗೆ ಬಂತು. ಹುಡುಗಿ ಕೆಟ್ಟವಳೇನಲ್ಲ ಪಾಪ. ಬೆಡ್‌ಪ್ಯಾನ್ ಕಂಡರೆ ಮಾತ್ರ ಮೂಗು ಮುಚ್ಚಿಕೊಂಡು ಪ್ರಾರ್ಥನೆ ಶುರುಮಾಡುವಳು. ನರ್ಸಕ್ಕನ ಹೊಟ್ಟೆ ಉರಿದುಹೋಯಿತು. ಮನೆಗೆ ಹೋಗಿ ಗಂಡನ ಮುಂದೆ ಅತ್ತೂ ಬಿಟ್ಟಳು.

ಹೀಗಿರುವಾಗ ಕೇಂದ್ರ ಕಚೇರಿಯಿಂದ ದೊಡ್ಡ ಗುರುಗಳು ಬಂದರು. ಎಲ್ಲ ಧರ್ಮದವರಿಗೂ ಅವಕಾಶ ಕೊಡಿ ಎಂದು ವರ್ಷವರ್ಷವೂ ಸುತ್ತೋಲೆ ಕಳಿಸುವವರು ಅವರೇ. ಇಲ್ಲಿಗೆ ಕಾಲಿಟ್ಟದ್ದು ಮಾತ್ರ ಇದೇ ಮೊದಲು. ಆಶ್ರಮವನ್ನು ಅವರು ಬಲ್ಲದ್ದೆಲ್ಲ ನಡುವೆ ಕೂತವರು ಬೇರೆ ಧರ್ಮದವರು ಎಂದು ಬರೆದು ಅಧ್ಯಕ್ಷರು ಹೆಮ್ಮೆಯಿಂದ ಕಳಿಸುತ್ತಿದ್ದ ಫೋಟೋಗಳಿಂದ. ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದ ತಮ್ಮನ ಮಗಳನ್ನು ದಾಟಿ ಅವರು ನೆಟ್ಟಗೆ ನರ್ಸಕ್ಕನ ಬಳಿ ಹೋದರು.

"ಮೇಲ್ವಿಚಾರಕಿ ಇವರೇ ತಾನೆ? ಎಲ್ಲಾ ಫೋಟೋದಲ್ಲೂ ನಡುವೆ ಕೂತಿರ್ತಾರಲ್ಲ. ಬೇರೆ ಧರ್ಮದವರನ್ನ ಇಷ್ಟು ಮೇಲೆ ತಂದಿದ್ದೀರಿ, ಭೇಷ್."

ಅಧ್ಯಕ್ಷರ ಬಾಯಲ್ಲಿ ಬಿಸಿತುಪ್ಪ. ಅಲ್ಲ ಎಂದರೆ ಯಾಕಲ್ಲ ಎಂದು ವಿವರಿಸಬೇಕು. ಹೌದು ಎಂದರೆ ತಮ್ಮನ ಹೆಂಡತಿಗೆ ಉತ್ತರ ಹೇಳಬೇಕು. ಸದ್ಯಕ್ಕೆ ಗುರುಗಳು ಹತ್ತಿರವಿದ್ದರು, ತಮ್ಮನ ಹೆಂಡತಿ ದೂರವಿದ್ದಳು.

"ಹೌದು ಗುರುಗಳೇ" ಎಂದರು.

ಈ ಗಳಿಗೆ ತಪ್ಪಿದರೆ ಮತ್ತೆ ಬಾರದು ಎಂದುಕೊಂಡು ನರ್ಸಕ್ಕ ಹುಡುಗಿಯ ಕಡೆ ಕೈಚಾಚಿ ಬೀಗದಕೈ ಗೊಂಚಲು ಕೇಳಿದಳು. ಹುಡುಗಿ ದೊಡ್ಡ ಭಾರ ಇಳಿಸಿಕೊಂಡವಳಂತೆ ಕೊಟ್ಟೇಬಿಟ್ಟಳು. ನರ್ಸಕ್ಕ ಔಷಧಿ ಕಪಾಟು ತೆಗೆದು ತೋರಿಸಿದಳು, ಒಬ್ಬೊಬ್ಬ ಅಜ್ಜಿಯ ಮಂಚದ ಬಳಿಗೂ ಕರೆದೊಯ್ದಳು. ಇನ್ನು ಮೇಲೆ ತಿಂಗಳ ವರದಿಯನ್ನು ಫೋನಿನಲ್ಲಿ ಇವರಿಂದಲೇ ಕೇಳುತ್ತೇನೆ ಎಂದು ಹೇಳಿ ಗುರುಗಳು ಹೊರಟರು.

ಕಾರು ಗೇಟು ದಾಟಿದ್ದೇ ತಡ, ಅಧ್ಯಕ್ಷರು ಅಂಗೈ ಚಾಚಿದರು. ಆದದ್ದಾಯಿತು, ಒಗ್ಗಟ್ಟಿನ ದೃಷ್ಟಿಯಿಂದ ಗೊಂಚಲು ವಾಪಸು ಕೊಟ್ಟುಬಿಡು ಎಂದರು. ನರ್ಸಕ್ಕ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೀಗದಕೈ ಯಾಕೆ ಕಿತ್ಕೊಂಡ್ರಿ ಅಂತ ಗುರುಗಳಿಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ ಸಾರ್?"

ಚಾಚಿದ ಕೈ ಹಾಗೇ ಜೇಬಿಗೆ ಹೋಯಿತು.

ಮರುದಿನದ ಪ್ರಾರ್ಥನೆಯನ್ನು ತಮ್ಮನ ಮಗಳೇ ಹೇಳಿಸಿದಳು, ಚೆನ್ನಾಗಿಯೇ ಹೇಳಿಸಿದಳು. ಒಗ್ಗಟ್ಟಿಗೆ ಏನೂ ಆಗಲಿಲ್ಲ. ಆ ವರ್ಷದ ಫೋಟೋಗೆ ಮಾತ್ರ ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರು ತಾವೇ ಕೂತರು. ನರ್ಸಕ್ಕ ಮೂಲೆಯಲ್ಲಿ, ಸೊಂಟದ ಗೊಂಚಲು ಕಾಣುವಂತೆ ನಿಂತಳು.